ಪಿಸ್ತೂಲು ಆರಿಸುವ ಮೊದಲು



ಎಲ್ಲೋ ಒಂದು ಕೇರಿಗೆ ಬೆಂಕಿ ಬಿತ್ತು, ನಮ್ಮ ಹುಡುಗನೊಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆದರು ಎಂಬ ಸುದ್ದಿ ಬಂದ ರಾತ್ರಿ ಹಾಸ್ಟೆಲ್‌ಗಳಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆಗ ಒಬ್ಬನಾದರೂ ಹೇಳುತ್ತಾನೆ: "ಭಾಷಣ ಸಾಕು ಕಣ್ರೋ, ಸೊಂಟದಲ್ಲಿ ಒಂದು ಸಣ್ಣ ಪಿಸ್ತೂಲ್ ಇದ್ದಿದ್ರೆ ಗೊತ್ತಾಗಿರೋದು." ಈ ಮಾತನ್ನು ನಾವು ನಕ್ಕು ತಳ್ಳುವುದಿಲ್ಲ. ಶಾಂತಿಯ ಉಪದೇಶವನ್ನೂ ಮಾಡುವುದಿಲ್ಲ. ಪ್ರಾಣ ಉಳಿಸಿಕೊಳ್ಳುವ ಹಕ್ಕು ಎಲ್ಲರಂತೆ ನಮಗೂ ಇದೆ. ಶೂದ್ರರಿಗೂ ಅಸ್ಪೃಶ್ಯರಿಗೂ ಆಯುಧ ನಿಷೇಧಿಸಿದ್ದರಿಂದಲೇ ಅವರು ಬಂಡೇಳಲಾರದೆ ಹೋದರು ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಯಾವ ಪಿಸ್ತೂಲು ಒಳ್ಳೇದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ಆಯುಧ ಯಾರ ಕೈಲಿದೆ, ಅದನ್ನು ಹಂಚುವವರು ಯಾರು ಅನ್ನುವುದನ್ನು.

ಜೇಬಿಗೊಂದು ಪಿಸ್ತೂಲು ಅನ್ನುವುದು ಅಮೆರಿಕದಲ್ಲಿ ದೊಡ್ಡ ವ್ಯಾಪಾರ. ಅಲ್ಲಿಯೂ ಈ ಪ್ರಶ್ನೆಗೆ ಬಣ್ಣವಿದೆ. 1956ರಲ್ಲಿ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಮನೆಗೆ ಬಾಂಬ್ ಹಾಕಿದರು. ಪಿಸ್ತೂಲು ಇಟ್ಟುಕೊಳ್ಳಲು ಅವರು ಅರ್ಜಿ ಹಾಕಿದರು, ಅಧಿಕಾರಿಗಳು ಕೊಡಲಿಲ್ಲ. 1966ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್‌ಗಳು ಬಂದೂಕು ಹಿಡಿದು, ಪೊಲೀಸರ ಮೇಲೆ ಕಣ್ಣಿಟ್ಟು ಬೀದಿ ಸುತ್ತಿದರು. ಆಗ ಅದು ಕಾನೂನಿನಲ್ಲಿ ತಪ್ಪಾಗಿರಲಿಲ್ಲ. ಕಪ್ಪು ಜನರ ಕೈಯಲ್ಲಿ ಬಂದೂಕು ಕಂಡದ್ದೇ ತಡ, 1967ರಲ್ಲಿ ಕಾನೂನೇ ಬದಲಾಯಿತು. ಸಹಿ ಹಾಕಿದವರು ಗವರ್ನರ್ ರೇಗನ್. 2016ರಲ್ಲಿ ಫಿಲಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ಮನುಷ್ಯ, ತನ್ನ ಬಳಿ ಪಿಸ್ತೂಲಿದೆಯೆಂದು ತಾನಾಗಿಯೇ ಪೊಲೀಸನಿಗೆ ತಿಳಿಸಿದ. ಲೈಸೆನ್ಸ್ ಇತ್ತು. ಆ ಪೊಲೀಸನೇ ಅವನನ್ನು ಕಾರಿನೊಳಗೇ ಗುಂಡಿಟ್ಟು ಕೊಂದ. ಮರುವರ್ಷ ಜ್ಯೂರಿ ಆ ಪೊಲೀಸನನ್ನು ಬಿಟ್ಟುಬಿಟ್ಟಿತು. ಆಯುಧ ಒಂದೇ, ಹಿಡಿದವನ ಚರ್ಮ ಬೇರೆ.

ನಮ್ಮ ದೇಶಕ್ಕೆ ಬನ್ನಿ. 2012ರ ದೆಹಲಿಯ ಅತ್ಯಾಚಾರದ ನಂತರ, ಹೆಂಗಸರ ರಕ್ಷಣೆಗೆಂದು ಸರ್ಕಾರದ ಕಾನ್ಪುರ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ಹೊರತಂದಿತು. ತೂಕ ಸುಮಾರು 500 ಗ್ರಾಂ. ಆಗ ಅದರ ಬೆಲೆ 1,22,360 ರೂಪಾಯಿ! ಕಳೆ ಕೀಳುವ ನಮ್ಮ ಅವ್ವಂದಿರು ಇದನ್ನು ಯಾವ ಸಂತೆಯಲ್ಲಿ ಕೊಳ್ಳಬೇಕು? ಕಾಸು ಹೊಂದಿಸಿದರೂ ಲೈಸೆನ್ಸ್ ಬೇಕು, 21 ವರ್ಷ ತುಂಬಿರಬೇಕು, ಠಾಣೆಯಿಂದ ವರದಿ ಬರಬೇಕು. ಯಾವ ಠಾಣೆ? ನಮ್ಮ ದೂರು ಬರೆದುಕೊಳ್ಳದೆ ವಾಪಸ್ ಕಳಿಸುವ ಠಾಣೆ. ಲೈಸೆನ್ಸ್ ಇಲ್ಲದ ನಾಡ ಪಿಸ್ತೂಲು ಇಟ್ಟುಕೊಂಡು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಕಡಿಮೆಯೆಂದರೂ 2 ವರ್ಷ ಜೈಲು. ಓದೂ ಹೋಯಿತು, ನೌಕರಿಯೂ ಹೋಯಿತು.

ಇನ್ನು ಆ ಸಣ್ಣ ಪಿಸ್ತೂಲಿನ ಶಕ್ತಿಯೇನು? ಬಚ್ಚಿಡಲು ಸುಲಭ, ಹೊಡೆಯಲು ಕಷ್ಟ. ನಳಿಗೆ ಗಿಡ್ಡ, ಹಿಡಿ ಚಿಕ್ಕದು. ಕೈಯನ್ನು ಒದೆಯುತ್ತದೆ, ಗುರಿ ತಪ್ಪುತ್ತದೆ. ಐದಾರು ಗುಂಡು ಮುಗಿದ ಮೇಲೆ ಬರೀ ಕಬ್ಬಿಣ. ಅಮೆರಿಕದ ಪೊಲೀಸರು ದೊಡ್ಡದೊಂದು ಸೊಂಟದಲ್ಲಿದ್ದಾಗಲೂ ಇಂಥದ್ದನ್ನು ಎರಡನೆಯದಾಗಿ ಕಾಲ ಬಳಿ ಕಟ್ಟಿಕೊಳ್ಳುವುದುಂಟು. ಅವರ ಎರಡನೆಯ ಆಯುಧ ನಮಗೆ ಒಂದೇ ಆಯುಧವಾದರೆ ಏನಾದೀತು? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಗುಂಪು ಬಂದು ಬೆಂಕಿಯಿಟ್ಟು 7 ಮಂದಿ ದಲಿತರನ್ನು ಜೀವಂತ ಸುಟ್ಟಿತು. ಅಂಥ ಗುಂಪಿನೆದುರು ಆರು ಗುಂಡು ಎಷ್ಟು ಹೊತ್ತು? ಆಮೇಲೆ ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಲ್ಲಿ ಸೋತದ್ದು ಪಿಸ್ತೂಲಲ್ಲ, ಸರ್ಕಾರ.

ಇನ್ನೊಂದು ಮಾತು. ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕೈಯಾರೆ ಸತ್ತವರು. ಹಗಲೆಲ್ಲ ಅವಮಾನ ನುಂಗಿ ಬಂದು ಮಲಗುವ ನಮ್ಮ ಹಾಸ್ಟೆಲ್ ಕೋಣೆಗಳಿಗೆ ಆ ವಸ್ತು ಬರಕೂಡದು. ನಮಗೆ ನೀವು ಬದುಕಿರಬೇಕು.

ಹಾಗಾದರೆ ಸುಮ್ಮನಿರಬೇಕೆ? ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ಬಂದ ನಿಯಮಗಳಲ್ಲಿ 3ನೆಯದನ್ನು ಓದಿ. ದೌರ್ಜನ್ಯದ ಭಯವಿರುವ ಜಾಗಗಳನ್ನು ಸರ್ಕಾರ ಗುರುತಿಸಬೇಕು. ಅಲ್ಲಿ ಅಗತ್ಯಬಿದ್ದರೆ ಪರಿಶಿಷ್ಟರಲ್ಲದವರ, ಅವರ ನೆಂಟರ, ಆಳುಗಳ ಬಂದೂಕು ಲೈಸೆನ್ಸ್ ರದ್ದು ಮಾಡಿ ಆಯುಧಗಳನ್ನು ಸರ್ಕಾರಿ ಉಗ್ರಾಣಕ್ಕೆ ಸೇರಿಸಬೇಕು. ಕಳ್ಳ ಬಂದೂಕು ವಶಪಡಿಸಬೇಕು. ಬೇಕೆನಿಸಿದರೆ ಪರಿಶಿಷ್ಟರಿಗೆ ಲೈಸೆನ್ಸ್ ಕೊಡಬೇಕು. ನೋಡಿ, ಕಸಿಯುವುದು ಮೊದಲು, ಕೊಡುವುದು ಆಮೇಲೆ. ಇದು ಭಿಕ್ಷೆಯಲ್ಲ, ಕಾನೂನು. ನಮ್ಮ ಹಟ್ಟಿಗಳಿಗೆ ಮೊದಲು ಬೇಕಾದ್ದೂ ಅದೇ: ಗೌಡನ ಜಗುಲಿಯ ಬಂದೂಕು ಕೆಳಗಿಳಿಯುವುದು.

ಆದ್ದರಿಂದ ಕೆಲಸ ಹೀಗಿದೆ. ಒಂದೊಂದು ಹಾಸ್ಟೆಲ್‌ನಿಂದ ಒಂದೊಂದು ಮಾಹಿತಿ ಹಕ್ಕಿನ ಅರ್ಜಿ ಡಿ.ಸಿ. ಕಚೇರಿಗೆ ಹೋಗಲಿ. 10 ರೂಪಾಯಿ ಶುಲ್ಕ, 150 ಪದ ಮೀರಬಾರದು. ಕೇಳಿ: ನಮ್ಮ ತಾಲ್ಲೂಕಿನಲ್ಲಿ ಬಂದೂಕು ಲೈಸೆನ್ಸ್ ಎಷ್ಟು? 3ನೇ ನಿಯಮದಲ್ಲಿ ಈವರೆಗೆ ರದ್ದಾದದ್ದು ಎಷ್ಟು? ಪರಿಶಿಷ್ಟರಿಗೆ ಕೊಟ್ಟದ್ದು ಎಷ್ಟು? ಬಂದ ಉತ್ತರವನ್ನು ಜಿಲ್ಲಾ ಜಾಗೃತಿ ಸಮಿತಿಯ ಮುಂದಿಡಿ. ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಸೇರದಿದ್ದರೆ ಯಾಕೆ ಸೇರಲಿಲ್ಲ ಎಂದು ಕಚೇರಿ ಮುಂದೆ ಕೂತು ಕೇಳಿ.

ಪಿಸ್ತೂಲು ಹಿಡಿದವನು ಒಬ್ಬನೇ ಓಡಾಡುತ್ತಾನೆ. ಅರ್ಜಿ ಹಿಡಿದು ನಾವು ಕೇರಿಗೆ ಕೇರಿಯೇ ಹೋಗೋಣ.

ಜೈ ಭೀಮ್!