ಸಮ್ಮಾನ ಸಲ್ಲಬೇಕಾದುದು ಯಾರಿಗೆ?

ಕೆಲವು ಭಾನುವಾರಗಳ ಹಿಂದೆ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಮಹಿಳೆಯೊಬ್ಬರು ಪಹಣಿಯ ಪ್ರತಿಯೊಂದನ್ನು ಹಿಡಿದುಕೊಂಡು ಬಂದರು. ಅದರಲ್ಲಿದ್ದುದು ಎಂದೋ ತೀರಿಕೊಂಡ ಅವರ ಮಾವನವರ ಹೆಸರು. ಗಂಡನೂ ಇಲ್ಲ. ನೇಜಿ ನೆಡುವುದರಿಂದ ಅಡಿಕೆ ಸುಲಿಯುವವರೆಗೆ ಎಲ್ಲವೂ ಅವರದೇ ಕೈ. "ನೆರೆಮನೆಯವರಿಗೆಲ್ಲ ಎರಡು ಸಾವಿರ ಬಂತಂತೆ ಫಾದರ್, ನನಗೆ ಯಾಕಿಲ್ಲ?" ಎಂದು ಕೇಳಿದರು.

ಕಚೇರಿಯ ಉತ್ತರ ಸುಲಭ. 2019ರ ಫೆಬ್ರವರಿ 24ರಂದು ಆರಂಭವಾದ ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ರೈತ ಕುಟುಂಬವೊಂದಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಬ್ಯಾಂಕ್ ಖಾತೆಗೇ ಜಮಾ ಮಾಡುತ್ತದೆ. ಮಧ್ಯವರ್ತಿಗಳಿಲ್ಲದ ಈ ಏರ್ಪಾಡನ್ನು ನಾವು ಮನಸಾರೆ ಮೆಚ್ಚುತ್ತೇವೆ. ಮೊದಲು 2 ಹೆಕ್ಟೇರಿನೊಳಗಿನ ಹಿಡುವಳಿಗಳಿಗೆ ಮಾತ್ರವಿದ್ದುದು ಕೆಲವೇ ತಿಂಗಳುಗಳಲ್ಲಿ ದೊಡ್ಡ ಹಿಡುವಳಿಗಳಿಗೂ ವಿಸ್ತರಿಸಿತು. ಆದಾಯ ತೆರಿಗೆ ಕಟ್ಟುವವರು, ವೈದ್ಯರು, ವಕೀಲರು ಇದಕ್ಕೆ ಹೊರಗು. ಸಂಸ್ಥೆಗಳ ಭೂಮಿಗೂ ಇಲ್ಲ. ಎಂದರೆ ಇಗರ್ಜಿಯ ತೋಟಕ್ಕೂ ಇಲ್ಲ. ಅದು ಸರಿಯೇ.

ಆದರೆ ಇಲ್ಲಿ ರೈತನೆಂದರೆ ಯಾರು? ಪಹಣಿಯಲ್ಲಿ ಹೆಸರಿರುವವನು. ಬಾಯಿಮಾತಿನ ಗೇಣಿಗೆ ಗದ್ದೆ ಮಾಡುವವನಾಗಲಿ ಕೂಲಿಯಾಳಾಗಲಿ ಆ ಪದದೊಳಗೆ ಬರುವುದಿಲ್ಲ. ಲಕ್ಷಣ ತಪ್ಪಿದರೆ ವಾದವೆಲ್ಲ ತಪ್ಪುತ್ತದೆಂದು ಗುರುಮಠದ ತರ್ಕಶಾಸ್ತ್ರದ ಪಾಠದಲ್ಲಿ ಕಲಿತಿದ್ದೆವು. ಅದು ಇಷ್ಟು ತಡವಾಗಿ, ಇಗರ್ಜಿಯ ಅಂಗಳದಲ್ಲಿ, ಉಪಯೋಗಕ್ಕೆ ಬರುವುದೆಂದು ಎಣಿಸಿರಲಿಲ್ಲ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢ ಸಂಕಲ್ಪವೇ ನ್ಯಾಯವೆಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಪೋಪ್ ಹದಿಮೂರನೇ ಲಿಯೋ ಅವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದರೇನೋ ನಿಜ. ಆದರೆ ಆ ಹಕ್ಕನ್ನು ಸಮರ್ಥಿಸುವಾಗ ಅವರು ಬೊಟ್ಟುಮಾಡಿದ್ದು ನೆಲದಲ್ಲಿ ದುಡಿದವನ ಬೆವರನ್ನು.

ಕರಾವಳಿಯ ಕಥೋಲಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲಗೇಣಿ, ಚಾಲಗೇಣಿಗಳ ಕಾಲದಲ್ಲಿ ನಮ್ಮ ಹಿರಿಯರಲ್ಲಿ ಅನೇಕರು ಪರರ ಭೂಮಿಯಲ್ಲಿ ಬೆವರು ಸುರಿಸಿದವರು. ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಶಾಸನವು 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಡಿಕ್ಲರೇಶನ್ ಕೊಟ್ಟು, ಉಳುತ್ತಿದ್ದ ನೆಲಕ್ಕೆ ಒಡೆಯರಾದರು. (ಕಳೆದುಕೊಂಡವರೂ ನಮ್ಮಲ್ಲಿದ್ದಾರೆ; ಅವರ ನೋವು ಸಣ್ಣದಲ್ಲ.) ಶಾಸನ ಗೇಣಿಯನ್ನು ರದ್ದುಮಾಡಿತು, ಗೇಣಿದಾರ ಮಾತ್ರ ಮಾಯವಾಗಲಿಲ್ಲ, ಕಾಗದದಿಂದ ಮರೆಯಾದ, ಅಷ್ಟೆ. ಅಂದು ಒಡೆಯರಾದವರ ಮಕ್ಕಳು ಕೆಲವರು ಇಂದು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿ, ಗದ್ದೆಯನ್ನು ಬರಿಯ ಮಾತಿನ ಮೇಲೆ ಇನ್ನೊಬ್ಬರಿಗೆ ಬಿಟ್ಟಿದ್ದಾರೆ. ಕೆಸರಿಗಿಳಿಯುವವನು ಒಬ್ಬ; ನಾಲ್ಕು ತಿಂಗಳಿಗೊಮ್ಮೆ ಸಮ್ಮಾನ ಪಡೆಯುವವನು ಮತ್ತೊಬ್ಬ.

ಇಂಥ ಮನೆತನಗಳಿಗೆ ನಮ್ಮದೊಂದು ಕೋರಿಕೆ: ಆ ಹಣವನ್ನು ಗದ್ದೆ ಮಾಡುವವನ ಕೈಗೆ ಕೊಡಿ, ಇಲ್ಲವೆ ಗೇಣಿಯಲ್ಲಿ ಅಷ್ಟನ್ನು ಬಿಡಿ. ಅದು ದಾನವಲ್ಲ, ದಾನವೆಂದುಕೊಂಡು ಕೊಡುವುದೂ ಬೇಡ. ಸರ್ಕಾರದ ಹೊಣೆಯೂ ಇದೆ. ಭೂಮಾಲೀಕನ ಹಕ್ಕಿಗೆ ಭಂಗ ಬಾರದಂತೆ ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಬೆಳೆಗಾರನನ್ನು ಗುರುತಿಸುವ ಶಾಸನವನ್ನು ಆಂಧ್ರಪ್ರದೇಶ 2019ರಲ್ಲಿ ಮಾಡಿತು. ನಮ್ಮ ಶಾಸಕರು ಅದನ್ನೊಮ್ಮೆ ಓದಿ ನೋಡಬಾರದೇಕೆ?

ಇನ್ನು ಆ ಮಹಿಳೆಯ ವಿಷಯ. 2019ರ ಫೆಬ್ರವರಿ 1ರ ನಂತರ ಕೊಂಡ ಭೂಮಿಗೆ ಈ ಸಹಾಯಧನವಿಲ್ಲ. ವಾರಸುದಾರಿಕೆಯಿಂದ ಬಂದುದಕ್ಕೆ ಆ ಗಡುವಿನ ಅಡ್ಡಿಯಿಲ್ಲ. ಬೇಕಾದುದು ಪೌತಿ ಖಾತೆ. ಅದಕ್ಕೆ ಮೈದುನರ ಒಪ್ಪಿಗೆ ಬೇಕು. ಅವರಲ್ಲೊಬ್ಬರು ಹಲವು ವರ್ಷಗಳಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ. ಮುಂದಿನ ವಾರ ನಾವು ಅವರಲ್ಲಿಗೆ ಹೋಗುವವರಿದ್ದೇವೆ.