ಮುಟ್ಟು ನಿಂತರೆ ಪಿಸಿಓಎಸ್ ಹೋಗತ್ತಾ?

ಪಿಸಿಓಎಸ್ ಅಂದ ಕೂಡಲೇ ನಮ್ಮವರ ಹತ್ತಿರ ಒಂದು ರೆಡಿಮೇಡ್ ಟೈಮ್‌ಟೇಬಲ್ ಇರತ್ತೆ. ಮೊದಲು "ಮದುವೆ ಆದ್ರೆ ಸರಿ ಹೋಗತ್ತೆ". ಮದುವೆ ಆಯ್ತಾ, "ಒಂದು ಮಗು ಆಗ್ಲಿ". ಮಗುವೂ ಆಯ್ತಾ, "ಮುಟ್ಟು ನಿಂತರೆ ತಾನಾಗೇ ಹೋಗತ್ತೆ ಬಿಡು". ಮೊದಲೆರಡರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಜಗಳ ಈ ಮೂರನೆಯದರ ಜೊತೆ.

ಎರರ್ ಮೆಸೇಜ್ ಬರೋದು ನಿಂತಿತು ಅಂತ ಯಾವ ಇಂಜಿನಿಯರೂ ಬಗ್ ಕ್ಲೋಸ್ ಮಾಡಲ್ಲ. (ಸರಿ, ಶುಕ್ರವಾರ ಸಂಜೆ ಮಾಡ್ತಾರೆ :-) )

ತಪ್ಪು ಅರ್ಧ ಹೆಸರಿನದು. 1935ರಲ್ಲಿ ಸ್ಟೈನ್, ಲೆವೆಂಥಾಲ್ ಅನ್ನೋ ಶಿಕಾಗೋ ವೈದ್ಯರಿಬ್ಬರು ಇದರ ಬಗ್ಗೆ ಬರೆದರು. ಅಲ್ಲಿಂದ ಎಲ್ಲರ ಕಣ್ಣೂ ಅಂಡಾಶಯದ ಗುಳ್ಳೆ ಮೇಲೇ. ಆದರೆ ಎಷ್ಟೋ ಜನರಲ್ಲಿ ಮೈ ಇನ್ಸುಲಿನ್ ಮಾತನ್ನೇ ಸರಿಯಾಗಿ ಕೇಳಲ್ಲ, ಅದು ಮುಟ್ಟಿನ ಜೊತೆ ನಿಲ್ಲೋದೂ ಇಲ್ಲ. ತಮಾಷೆ ನೋಡಿ, ನಲವತ್ತರ ಹೊತ್ತಿಗೆ ಹಲವರಿಗೆ ಮುಟ್ಟು ಸರಿಯಾಗಿ ಬರಕ್ಕೆ ಶುರುವಾಗತ್ತೆ. "ಹೋಯ್ತಲ್ಲ!" ಅಂತಾರೆ. ಇವರಿಗೆ ಮುಟ್ಟು ನಿಲ್ಲೋದೂ ಸಾಮಾನ್ಯವಾಗಿ ಸ್ವಲ್ಪ ತಡ. ನಿಂತ ಮೇಲೆ ಈಸ್ಟ್ರೋಜನ್ ಕುಸಿದರೂ ಅಂಡಾಶಯ, ಅಡ್ರಿನಲ್ ಗ್ರಂಥಿಗಳು ಆಂಡ್ರೋಜನ್ ತಯಾರಿಸ್ತಾನೇ ಇರತ್ವೆ. ಹಾಗಾಗಿ ಗಲ್ಲದ ಕೂದಲು ಹೋಗಲ್ಲ, ನೆತ್ತಿ ಕೂದಲು ಉಳಿಯಲ್ಲ... ಸಕ್ಕರೆ, ಬಿಪಿ ಭಯ ಇದ್ದೇ ಇರತ್ತೆ.

ನಮ್ಮ ದೊಡ್ಡಮ್ಮನಿಗೆ 52ಕ್ಕೆ ಮುಟ್ಟು ನಿಂತಾಗ ಅವರ ಡಾಕ್ಟರೇ "ಇನ್ನು ನಿಮಗೆ ಪಿಸಿಓಡಿ ಚಿಂತೆ ಇಲ್ಲ" ಅಂದುಬಿಟ್ಟರು. ಆಮೇಲೆ ಐದು ವರ್ಷ ಯಾರೂ ಅವರ ಶುಗರ್ ನೋಡಲಿಲ್ಲ. ಗೊತ್ತಾಗಿದ್ದು ಕನ್ನಡಕದ ನಂಬರ್ ಬದಲಾಯಿಸಕ್ಕೆ ಹೋದಾಗ, ಕಣ್ಣಿನ ಡಾಕ್ಟರಿಂದ! ಇದು ದೊಡ್ಡಮ್ಮನ ಅಜಾಗರೂಕತೆ ಅಂತ ಹೇಳೋರ ಜೊತೆ ನಾನು ಮಾತಾಡಲ್ಲ.

2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನ ಜೀವನಪೂರ್ತಿ ಇರೋ ಸಮಸ್ಯೆ ಅಂತಲೇ ನೋಡತ್ತೆ. ವಯಸ್ಸು ಎಷ್ಟೇ ಆಗಿರಲಿ, ಒಂದರಿಂದ ಮೂರು ವರ್ಷಕ್ಕೊಮ್ಮೆ ಶುಗರ್ ಪರೀಕ್ಷೆ ಆಗಬೇಕು ಅನ್ನತ್ತೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಪಿಸಿಓಎಸ್ ಇರೋರಲ್ಲಿ ಶೇಕಡಾ 70ರವರೆಗೂ ಜನರಿಗೆ ಅದು ಇದೆ ಅಂತಲೇ ಗೊತ್ತಿರಲ್ಲ. ಅಂದ್ರೆ ನಮ್ಮ ಅಮ್ಮಂದಿರ ಕಾಲದವರಲ್ಲಿ ಎಷ್ಟು ಜನ "ನಂಗೆ ಯಾವಾಗ್ಲೂ ಮೂರು ತಿಂಗಳಿಗೊಮ್ಮೆನೇ" ಅಂದ್ಕೊಂಡೇ ಇದ್ದುಬಿಟ್ಟರೋ! ಹಳೇ ಕಥೆ ಕೇಳಿದರೆ ಈಗಲೂ ಡಾಕ್ಟರಿಗೆ ಸುಳಿವು ಸಿಗತ್ತೆ. ಕೇಳಬೇಕಷ್ಟೆ.

ಈ ಪೋಸ್ಟ್ ಮುಚ್ಚಕ್ಕೆ ಹೊರಟಿರೋ ಗಂಡು ಬ್ಲಾಗಿಗರೇ, ನಿಲ್ಲಿ. ಮುಟ್ಟು ನಿಂತ ಮೇಲೆ ಅಮ್ಮನಿಗೆ ಮುಖದ ಕೂದಲು ಇದ್ದಕ್ಕಿದ್ದಂತೆ ಜಾಸ್ತಿ ಆದರೆ, ದನಿ ಗಡಸಾದರೆ, ಅದು ವಯಸ್ಸಲ್ಲ. ಗೆಡ್ಡೆ ಇದೆಯಾ ಅಂತ ನೋಡಿಸಬೇಕು. ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ "ಇನ್ನೂ ವಯಸ್ಸಾಗಿಲ್ಲ" ಅಂತ ನಗೋದಲ್ಲ, ಆ ವಾರವೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.