ಬರೆದದ್ದು ನಿಲ್ಲುವ ಪರದೆ

ಕಳೆದ ಮಳೆಗಾಲದ ಒಂದು ಸಂಜೆ ಕೋಥ್ರೂಡಿನ ಮನೆಯೊಂದರಲ್ಲಿ ನಮ್ಮ ಬಳಗ ಸೇರಿತ್ತು. ಓದಬೇಕಿದ್ದ ಪುಸ್ತಕ ಬದಿಗೆ ಸರಿದು, ನಾವೆಲ್ಲ ಒಂದು ಲ್ಯಾಪ್‌ಟಾಪಿನ ಸುತ್ತ ಕುಳಿತೆವು. ತುಮಕೂರಿನ ಕಡೆ ಮೇಷ್ಟರಾಗಿದ್ದು, ನಿವೃತ್ತಿಯ ಬಳಿಕ ಪುಣೆಯ ಮಗನ ಮನೆಗೆ ಬಂದು ನೆಲೆಸಿದ ಹಿರಿಯರೊಬ್ಬರು ಪಿಂಚಣಿಗೆ ಸಂಬಂಧಿಸಿದ ಅರ್ಜಿಯೊಂದನ್ನು ಜಾಲತಾಣದಲ್ಲಿ ತುಂಬಬೇಕಿತ್ತು. ಪುಟ ನೋಡಲು ಸೊಗಸಾಗಿತ್ತು. ಮೇಲ್ಭಾಗದಲ್ಲಿ ಚಿತ್ರಗಳು ಒಂದರ ಹಿಂದೊಂದು ಜಾರುತ್ತಿದ್ದವು, ಬೆರಳು ತಾಗಿದರೆ ಗುಂಡಿಗಳು ಬಣ್ಣ ಬದಲಿಸುತ್ತಿದ್ದವು. ಅರ್ಧ ಗಂಟೆ ಕಷ್ಟಪಟ್ಟು ಅವರು ಎಲ್ಲ ಅಂಕಣಗಳನ್ನೂ ತುಂಬಿ ಕಳುಹಿಸಿದರು. 'ತಪ್ಪು ಮಾಹಿತಿ' ಎಂಬ ಕೆಂಪು ಅಕ್ಷರ ಮೂಡಿತು. ಯಾವ ಮಾಹಿತಿ ತಪ್ಪು ಎಂಬುದು ಅಲ್ಲಿರಲಿಲ್ಲ. ತುಂಬಿದ್ದೆಲ್ಲ ಅಳಿಸಿಹೋಗಿತ್ತು.

"ಚಿತ್ರಗಳೇನೋ ಚೆನ್ನಾಗಿ ಓಡಾಡ್ತವೆ ಕಣ್ರಯ್ಯ, ನಾನು ಬರೆದದ್ದೇ ನಿಲ್ಲೋದಿಲ್ಲ" ಎಂದರು ಮೇಷ್ಟರು.

ಜಾಲತಾಣಗಳ ವಿನ್ಯಾಸದ ಬಗ್ಗೆ ನಾವು ಕೇಳಿದ ಅತ್ಯಂತ ನಿಖರವಾದ ವಿಮರ್ಶೆ ಇದೇ ಇರಬೇಕು. ನಮ್ಮ ಬಳಗದಲ್ಲಿ ಅರ್ಧದಷ್ಟು ಜನ ಹಿಂಜವಡಿಯ ಕಂಪನಿಗಳಲ್ಲಿ ಇಂಥ ಪುಟಗಳನ್ನೇ ಕಟ್ಟುವವರು. ಆದ್ದರಿಂದ ಆ ಮಾತು ನಮಗೇ ತಾಗಿತು.

ಪುಟವೊಂದು ಬಳಕೆದಾರನೊಡನೆ ಸಂವಾದ ನಡೆಸಬೇಕೆಂಬ ಆಸೆ ಹೊಸದಲ್ಲ. ಮೊದಲು ಒಂದು ಸಣ್ಣ ಬದಲಾವಣೆಗೂ ಇಡೀ ಪುಟ ಮತ್ತೆ ಬರಬೇಕಿತ್ತು. ಪುಟವನ್ನು ಕದಲಿಸದೆ ಹಿನ್ನೆಲೆಯಲ್ಲಿಯೇ ಸರ್ವರಿನಿಂದ ಮಾಹಿತಿ ತರುವ ಉಪಾಯ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿಯೇ ಇತ್ತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಅದರ ಶಕ್ತಿ ಜನಕ್ಕೆ ಕಂಡಿತು. ಅದೇ 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಆ ಕ್ರಮಕ್ಕೆ 'ಅಜಾಕ್ಸ್' ಎಂದು ಹೆಸರಿಟ್ಟರು. ಕೊಟ್ಟ ಮಾಹಿತಿಯನ್ನು ಕಳೆಯದೆ, ತಪ್ಪಿದ ಕಡೆಯಲ್ಲಿಯೇ, ತಪ್ಪಿದ ಕ್ಷಣದಲ್ಲಿಯೇ ಮೆಲ್ಲಗೆ ತಿಳಿಸುವುದು ಅಂದಿನಿಂದಲೂ ಸಾಧ್ಯವಾಗಿದೆ. ಆದರೂ ಆ ಸಾಮರ್ಥ್ಯ ಬಹುಪಾಲು ಜಾರುವ ಚಿತ್ರಗಳಿಗೇ ವ್ಯಯವಾಗುತ್ತಿದೆ. ಮೇಲೆ ಥಳುಕು, ಒಳಗೆ ಹುಳುಕು.

ಮೇಷ್ಟರ ಅರ್ಜಿ ಎಲ್ಲಿ ಎಡವಿತೆಂದು ನಾವು ಒಂದೊಂದಾಗಿ ಪರೀಕ್ಷಿಸಿದೆವು. ಮೊದಲನೆಯದು, ಮನೆತನದ ಹೆಸರು ಕಡ್ಡಾಯವಾಗಿತ್ತು. ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮ ಪುಣೆಯಲ್ಲಿ ಸಹಜ, ಬೆಳಗಾವಿ, ಧಾರವಾಡಗಳಲ್ಲಿಯೂ ಅಡ್ಡಹೆಸರು ಉಂಟು. ಆದರೆ ಹಳೆಯ ಮೈಸೂರಿನ ಕಡೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಮುಂದಿಟ್ಟುಕೊಂಡು ಬದುಕು ಕಳೆದವರು ಅಸಂಖ್ಯ. ಅವರು ಆ ಖಾಲಿ ಅಂಕಣದಲ್ಲಿ ಏನು ಬರೆಯಬೇಕು?

ಎರಡನೆಯದು ಅಕ್ಷರದ ಲೆಕ್ಕ. 'ಲಕ್ಷ್ಮೀ' ಎಂದರೆ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿನಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳೆಲ್ಲ ಬಿಡಿಬಿಡಿಯಾಗಿ ಎಣಿಕೆಯಾಗಿ ಅದು 7 ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3ರಂತೆ 21 ಬೈಟು. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು '20ಕ್ಕೆ ಮೀರಬಾರದು' ಎಂದು ಬೈಟಿನ ಲೆಕ್ಕದಲ್ಲಿ ಮಿತಿ ಹಾಕಿದರೆ, ಎರಡಕ್ಷರದ ಲಕ್ಷ್ಮಿಗೂ ಬಾಗಿಲು ಮುಚ್ಚುತ್ತದೆ.

ಮೂರನೆಯದು ಕಾಯುವ ತಾಳ್ಮೆ. ಲಿಪ್ಯಂತರ ಕ್ರಮದಲ್ಲಿ 'ಪುಣೆ' ಎಂದು ಬರೆಯಲು ಹೊರಟರೆ ಮೊದಲು 'ಪ್' ಮೂಡುತ್ತದೆ. ಕೀಲಿ ಒತ್ತಿದೊಡನೆ ಹುಡುಕಾಟಕ್ಕೆ ಧಾವಿಸುವ ಪುಟ ಆ ಅರೆಯಕ್ಷರವನ್ನೇ ಹಿಡಿದು 'ಸಿಗಲಿಲ್ಲ' ಎನ್ನುತ್ತದೆ. ಅಕ್ಷರ ಕೂಡಿಕೊಳ್ಳುತ್ತಿದೆ, ಈಗ ಕೂಡಿತು ಎಂಬ ಸುಳಿವನ್ನು ಬ್ರೌಸರ್ ಕೊಡುತ್ತದೆ. ಪುಟ ಕಟ್ಟಿದವರು ಅದಕ್ಕೆ ಕಿವಿಗೊಡಬೇಕಷ್ಟೆ.

ವಿಪರ್ಯಾಸವೆಂದರೆ, ಈ ಪಾಠದ ಮೊದಲ ಶಾಲೆಗಳಲ್ಲೊಂದು ನಮ್ಮ ಪುಣೆಯಲ್ಲಿಯೇ ಇದೆ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯನ್ನು ಜನ 1991ರ 'ಪರಮ್' ಸೂಪರ್ ಕಂಪ್ಯೂಟರಿನಿಂದ ಗುರುತಿಸುತ್ತಾರೆ. ಭಾರತೀಯ ಲಿಪಿಗಳನ್ನು ಗಣಕಕ್ಕೆ ಒಗ್ಗಿಸಿದ 'ಜಿಸ್ಟ್' ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಬೆಳೆದದ್ದೂ ಇದೇ ಸಂಸ್ಥೆಯಲ್ಲಿ. 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಕನ್ನಡ ಕಲಿತ ಬೆರಳು ಮರಾಠಿಯನ್ನೂ ಅದೇ ಜಾಗದಲ್ಲಿ ಒತ್ತಬಲ್ಲದು. ನಮ್ಮ ವರ್ಣಮಾಲೆಯ ಸ್ವಭಾವ ಅರಿತವರು ಮಾಡಿದ ವಿನ್ಯಾಸ ಅದು. ಹಿಂದಿನ ಅಕ್ಷರಕ್ಕೆ ಮುಂದಿನ ಕೀಲಿ ಹೊಸ ರೂಪ ಕೊಡುವ, ಒತ್ತು ಕೆಳಗಿಳಿಯುವ, ಗುಣಿತ ಬದಲಾಗುವ ಕನ್ನಡದ ಬರವಣಿಗೆಯೇ ಒಂದು ಜೀವಂತ ಸಂವಾದ. ಅಷ್ಟನ್ನು ಮೂರು ದಶಕಗಳ ಹಿಂದೆಯೇ ಸಾಧಿಸಿದ ಊರಿನಲ್ಲಿ ಕುಳಿತು, ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುವ ಗುಂಡಿಗಳನ್ನು ನಾವು ಇಂದು ಕಟ್ಟುತ್ತಿದ್ದೇವೆ.

ಕನ್ನಡದಲ್ಲಿ ತುಂಬುವವರು ಎಷ್ಟು ಮಂದಿ, ಎಲ್ಲರೂ ಇಂಗ್ಲಿಷಿನಲ್ಲಿಯೇ ತುಂಬುತ್ತಾರಲ್ಲ ಎಂಬ ವಾದವನ್ನು ನಾವು ಸಭೆಗಳಲ್ಲಿ ಕೇಳಿದ್ದೇವೆ, ತಲೆಯನ್ನೂ ಆಡಿಸಿದ್ದೇವೆ. ಎರಡು ಸಲ ಅಳಿಸಿಹೋದ ಮೇಲೆ ಮೂರನೆಯ ಸಲ ಯಾರಾದರೂ ಇಂಗ್ಲಿಷಿಗೇ ಹೋಗುತ್ತಾರೆ. ಸೋತು ಹೋದವರನ್ನು ಒಲಿದು ಹೋದವರ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಅಂದು ರಾತ್ರಿ ಮೇಷ್ಟರೂ ಹಾಗೆಯೇ ಮಾಡಿದರು. ಇಂಗ್ಲಿಷಿನಲ್ಲಿ ಬರೆದು, ಮನೆತನದ ಅಂಕಣದಲ್ಲಿ ತಮ್ಮ ಹಳ್ಳಿಯ ಹೆಸರು ತುಂಬಿದರು. ಅರ್ಜಿ ಸ್ವೀಕೃತವಾಯಿತು. ಈಗ ಅರ್ಜಿಯಲ್ಲಿರುವ ಹೆಸರಿಗೂ ಸೇವಾ ದಾಖಲೆಯಲ್ಲಿರುವ ಹೆಸರಿಗೂ ಹೊಂದಿಕೆಯಿಲ್ಲ. ಆ ಎರಡೂ ಹೆಸರುಗಳು ಒಬ್ಬರವೇ ಎಂದು ರುಜುವಾತುಪಡಿಸಲು ಎಂಬತ್ತರ ಹತ್ತಿರದ ಆ ಜೀವ ಪ್ರಮಾಣಪತ್ರ ಹಿಡಿದು ತುಮಕೂರಿಗೆ ಹೋಗಿ ಬರಬೇಕಾಗಿದೆ.

ಆದ್ದರಿಂದ ನಾವು ನಮಗೇ ಒಂದು ನೇಮ ಹಾಕಿಕೊಂಡಿದ್ದೇವೆ, ಓದುಗರೂ ಜೊತೆಗೂಡಲಿ ಎಂದು ಕೇಳುತ್ತೇವೆ. ನಾವು ಕಟ್ಟಿದ ಯಾವ ಪುಟವನ್ನೇ ಆಗಲಿ, ಜನರ ಕೈಗೆ ಕೊಡುವ ಮುನ್ನ ಅದರಲ್ಲಿ ಒಮ್ಮೆ ಕನ್ನಡದಲ್ಲಿ, ಮನೆತನದ ಹೆಸರಿಲ್ಲದೆ, 'ಲಕ್ಷ್ಮೀನರಸಿಂಹಯ್ಯ' ಎಂದು ಬರೆದು ನೋಡುವುದು. ಬೇಕೆಂದೇ ಒಂದು ತಪ್ಪು ಮಾಡಿ, ಉಳಿದದ್ದು ನಿಂತಿದೆಯೇ ಎಂದು ಪರೀಕ್ಷಿಸುವುದು. ಹತ್ತು ನಿಮಿಷದ ಕೆಲಸ. ಚಿತ್ರಗಳು ಆಮೇಲೆ ಓಡಾಡಲಿ.